ಗಣಿತಕ್ಕೆ ಟೆಂಡರ್ ಕರೆದ ಅಪ್ಪ

ವೈಟ್‌ಫೀಲ್ಡಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ, ಕೊರಳಲ್ಲಿ ಭಾನುವಾರವೂ ಇಳಿಯದ ಐಡಿ ಕಾರ್ಡು. ಮಗಳನ್ನು ಶಾಲೆ ಬಿಡಿಸಿದ್ದೇಕೆ ಅಂದರೆ ಒಂದೇ ಮಾತು: ‘ವರ್ತೂರು ಕೋಡಿ’. ಆ ಟ್ರಾಫಿಕ್ಕು ಕಂಡವರು ಮುಂದೆ ಕೇಳುವುದಿಲ್ಲ.

ಮನೆಪಾಠ ಶುರುವಾಯಿತು. ಕನ್ನಡ, ಇಂಗ್ಲಿಷು, ಪರಿಸರ ಎಲ್ಲ ಹೆಂಡತಿಯ ಪಾಲು. ಆಕೆ ಒಂದು ಮಧ್ಯಾಹ್ನ ಅವೆನ್ಯೂ ರೋಡಿಗೆ ಹೋಗಿ ಪುಸ್ತಕ ತಂದು ಪಾಠ ಮಾಡಿಯೂ ಆಯಿತು. ಗಣಿತ ಮಾತ್ರ ಇವರು ಹಟ ಹಿಡಿದು ವಹಿಸಿಕೊಂಡರು. ಅಲ್ಲಿಗೆ ಗಣಿತ ನಿಂತಿತು.

ಇವರು ಪುಸ್ತಕ ಕೊಳ್ಳುವವರಲ್ಲ, ವೆಂಡರ್ ಆರಿಸುವವರು. ಎಕ್ಸೆಲ್ ಶೀಟು ತೆರೆದರು. ಸಿಂಗಾಪುರ ಗಣಿತ: ಗೊತ್ತಿರುವುದಕ್ಕೊಂದು, ಗೊತ್ತಿಲ್ಲದ್ದಕ್ಕೊಂದು ಉದ್ದನೆಯ ಪಟ್ಟಿ ಬರೆದರೆ ಬೀಜಗಣಿತ ಬಾರದ ಮಗುವಿಗೂ ಉತ್ತರ ಹೊಳೆಯುತ್ತದೆ. ಮೆಚ್ಚಿದರು. ಆದರೆ ಲೆಕ್ಕದಲ್ಲೆಲ್ಲ ಡಾಲರು! ಜಪಾನಿನ ಕುಮೋನ್‌ನಲ್ಲಿ ದಿನಾ ವರ್ಕ್‌ಶೀಟು. ಅಮೆರಿಕದ ಸ್ಯಾಕ್ಸನ್‌ನಲ್ಲಿ ಹಳೆಯ ಪಾಠ ಬಿಡದೆ ಮರಳಿ ಬರುತ್ತದೆ. ಎರಡಕ್ಕೂ ಶೀಟಿನಲ್ಲಿ ಹಳದಿ ಬಣ್ಣ. ಬೀಸ್ಟ್ ಅಕಾಡೆಮಿ ಕಾಮಿಕ್ಸ್ ರೂಪದ್ದು, ರಾಕ್ಷಸ ಮರಿಗಳು ಲೆಕ್ಕ ಮಾಡುತ್ತವೆ. ಮಗಳು ಸ್ಯಾಂಪಲ್ ಪುಟ ಓದಿ ಬಿದ್ದು ಬಿದ್ದು ನಕ್ಕಳು. ಇವರಿಗೆ ಅನುಮಾನ ಬಂತು. ಗಣಿತ ಓದಿ ನಗುವುದುಂಟೇ? ಕೆಂಪು. ಮಾವನವರು ವೇದಗಣಿತ ಅಂದರು. ಆ ಪುಸ್ತಕ ಅಚ್ಚಾದದ್ದು 1965ರಲ್ಲಿ, ಸೂತ್ರಗಳು ವೇದದಲ್ಲಿ ಸಿಕ್ಕಿಲ್ಲ ಎಂದು ವಿದ್ವಾಂಸರೇ ಹೇಳುತ್ತಾರೆ. ಆದರೂ ಮಾವನವರದ್ದಲ್ಲವೇ? ಹಸಿರು.

‘ರೀ, ಎನ್‌ಸಿಇಆರ್‌ಟಿಯ ಐದನೇ ಕ್ಲಾಸಿನ ಮ್ಯಾಥ್ಸ್ ಮೇಳ ಪುಕ್ಕಟೆ ಡೌನ್‌ಲೋಡ್ ಆಗತ್ತೆ,’ ಅಂದರು ಹೆಂಡತಿ.

‘ಪುಕ್ಕಟೆ ಅಂದ್ರೆ ಸಪೋರ್ಟ್ ಇರಲ್ಲ ಕಣೇ.’

ಮನೆಗೆಲಸಕ್ಕೆ ಬರುವಾಕೆಯ ಮಗ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಗಣಿತ ಕಲಿಕಾ ಆಂದೋಲನದ ಕಿಟ್ಟು ಹಿಡಿದು ಭಿನ್ನರಾಶಿ ಕಲಿಯುತ್ತಾನೆ. ಅಕ್ಷರ ಫೌಂಡೇಶನ್ ಜತೆ ಸರ್ಕಾರ 4 ಮತ್ತು 5ನೇ ತರಗತಿಗೆಂದೇ ನಡೆಸಿದ ಕಾರ್ಯಕ್ರಮ ಅದು. ಒಂದು ದಿನ ಅಮ್ಮನ ಜತೆ ಬಂದವನು ಅರ್ಧಕ್ಕೆ ಕಾಲು ಕೂಡಿದರೆ ಮುಕ್ಕಾಲು ಅಂತ ಕಾಗದ ಮಡಿಸಿ ಇವರ ಮಗಳಿಗೆ ತೋರಿಸಿದ. ಇವರು ಕಣ್ಣರಳಿಸಿ ಕೇಳಿದರು: ‘ಇದಕ್ಕೆ ಸಬ್‌ಸ್ಕ್ರಿಪ್ಷನ್ ಎಷ್ಟಪ್ಪ?’

ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಶೀಟಿನಲ್ಲಿ ಆ ಸಾಲು ಖಾಲಿ ಉಳಿಯಿತು.

ಕೊನೆಗೆ ಅಂಕ ಹಂಚಿದರು. ಪಾಠದ ಗಟ್ಟಿತನಕ್ಕೆ ಶೇಕಡಾ 35, ಒಲಿಂಪಿಯಾಡ್ ತಯಾರಿಗೆ 25, ಆಟಕ್ಕೆ 20, ಬೆಲೆಗೆ 15, ನಾಳೆ ಅಮೆರಿಕಕ್ಕೆ ಹೋಗಬೇಕಾದರೆ ಎಂದು 15. ಸೋಫಾದ ಹಿಂದಿನಿಂದ ಇಣುಕುತ್ತಿದ್ದ ಮಗಳು ಬೆರಳು ಮಡಿಸುತ್ತ, ‘ಅಪ್ಪಾ, ಒಟ್ಟು 110 ಆಗತ್ತಲ್ಲ?’ ಅಂದಳು.

‘ಅದು ಬಫರ್, ಪುಟ್ಟಿ.’

ಇಂಥವರನ್ನು ದಡ್ಡರೆನ್ನಲಾರೆ. ಮುಕ್ತ ಶಾಲಾ ಮಂಡಳಿ ಎನ್‌ಐಒಎಸ್‌ನ ‘ಬಿ’ ಹಂತ ಐದನೇ ತರಗತಿಗೆ ಸಮ, ಅದರಲ್ಲೇ ಹತ್ತನೆಯ ಪರೀಕ್ಷೆ ಬರೆಯಲು 14 ತುಂಬಿರಬೇಕು ಎಂಬುದೆಲ್ಲ ನಾಲಿಗೆಯ ತುದಿಯಲ್ಲಿದೆ. ಗೊತ್ತಿಲ್ಲದ್ದು ಒಂದೇ: ಮಗಳಿಗೆ ಭಾಗಾಕಾರದಲ್ಲಿ ಸೊನ್ನೆ ಎಲ್ಲಿ ಬಿಟ್ಟುಹೋಗುತ್ತದೆ ಎಂಬುದು. ಅದಕ್ಕೆ ಶೀಟಿನಲ್ಲಿ ಕಾಲಮ್ ಇಲ್ಲ. 816ನ್ನು 4ರಿಂದ ಭಾಗಿಸಿ ಆಕೆ 24 ಎಂದು ಬರೆದದ್ದನ್ನು ಕಂಡದ್ದು ತಾಯಿ; 204 ಎಂದು ತಿದ್ದಿಸಿದ್ದೂ ಅವರೇ, ಅಡುಗೆಮನೆ ಕಟ್ಟೆಯ ಮೇಲೆ, ಹಾಲಿನ ಬಿಲ್ಲಿನ ಹಿಂಬದಿಯಲ್ಲಿ.

ಆರಿಸುವಷ್ಟರಲ್ಲಿ ವರ್ಷ ಮುಗಿಯಿತು. ಮಗಳೀಗ ಆರನೇ ತರಗತಿ; ಅದಕ್ಕೆ ಎನ್‌ಸಿಇಆರ್‌ಟಿಯ ಪುಸ್ತಕವೇ ಬೇರೆ, ‘ಗಣಿತ ಪ್ರಕಾಶ’. ಶೀಟಿನ ಎರಡನೆಯ ಆವೃತ್ತಿ ಶುರುವಾಗಿದೆ. ನಿಮ್ಮ ಮನೆಯಲ್ಲೂ ಆ ವಯಸ್ಸಿನ ಮಗುವಿದ್ದರೆ ಲಿಫ್ಟಿನಲ್ಲಿ ಅವರ ಮುಂದೆ ಬಾಯಿಬಿಡಬೇಡಿ. ಇಳಿಯುವ ಮೊದಲೇ ನಿಮಗೂ ಎಡಿಟ್ ಆಕ್ಸೆಸ್ ಬಂದಿರುತ್ತದೆ.