ಜೀಪು, ತುಕ್ಕು ಮತ್ತು ಅಭಾವ ಪದಾರ್ಥ

ತುಕ್ಕು ಹಿಡಿದ ಹಳೆಯ ಜೀಪಿನ ಬಾಡಿಯನ್ನು ಮನೆಯಂಗಳದಲ್ಲೇ ಸರಿಮಾಡುವ ವಿದ್ಯೆಯ ಬಗ್ಗೆ ಈವರೆಗೆ ನಡೆದ ಚರ್ಚೆಗಳಿಗೆಲ್ಲ ಒಂದೇ ದೋಷ: ಅವು ತಗಡಿನಿಂದ ಹೊರಡುತ್ತವೆ. ಎಷ್ಟು ಗೇಜಿನ ಶೀಟು, ಗ್ಯಾಸ್ ವೆಲ್ಡಿಂಗೋ ಆರ್ಕ್ ವೆಲ್ಡಿಂಗೋ, ಪುಟ್ಟಿ ಎಷ್ಟು ಕೋಟು ಎಂದು ಕೇಳುತ್ತವೆಯೇ ಹೊರತು, ಯಾವುದರ ಸಲುವಾಗಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ತೂತಿನ ಸ್ವರೂಪವೇನು ಎಂದು ಯಾರೂ ವಿಚಾರಿಸಿಲ್ಲ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಈ ಉದ್ಯಮದಲ್ಲಿ ಪ್ರಧಾನ ವಸ್ತು ತೂತು, ತಗಡು ಅದಕ್ಕೆ ಅಂಚು ಮಾತ್ರ. ಇದನ್ನು ಒಪ್ಪಿದರೆ, ಮನೆಯಲ್ಲಿ ಶುರುವಾದ ಜೀಪಿನ ಕೆಲಸ ಮುಗಿಯದಿರುವುದು ಯಜಮಾನರ ಸೋಮಾರಿತನದಿಂದಲ್ಲ, ಪದಾರ್ಥಗಳ ಸ್ವಭಾವದಿಂದಲೇ ಎಂಬುದು ತಾನಾಗಿ ಸಿದ್ಧವಾಗುತ್ತದೆ. ಈ ಫಲಿತಾಂಶ ಯಾರಿಗೆ ಅನುಕೂಲ ಎಂಬ ಪ್ರಶ್ನೆ ಶಾಸ್ತ್ರಕ್ಕೆ ಹೊರಗಿನದು.

ಮೊದಲು ಲಕ್ಷ್ಯವಸ್ತು. ಅಮೆರಿಕದ ಸೇನೆ 1940ರಲ್ಲಿ ಹಗುರವಾದ ಯುದ್ಧವಾಹನವೊಂದು ಬೇಕೆಂದಾಗ ಮಾದರಿ ಗಾಡಿಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಕಂಪನಿ ಸೆಪ್ಟೆಂಬರ್ 23ರಂದು ಗಡುವಿನೊಳಗೇ ಗಾಡಿಯನ್ನು ಸೇನೆಯವರ ಮುಂದೆ ತಂದು ನಿಲ್ಲಿಸಿತು. ಬಳಿಕ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಹೊರಬಿಟ್ಟವು. 1947ರಲ್ಲಿ ಮುಂಬಯಿಯ ಮಹೀಂದ್ರದವರು ಅವನ್ನು ಇಲ್ಲಿ ಜೋಡಿಸತೊಡಗಿದರು. ಎತ್ತರದ ಬಾನೆಟ್ಟಿನ ಸಿಜೆ-3ಬಿಯನ್ನಂತೂ ಅಮೆರಿಕದವರು ಕೈಬಿಟ್ಟ ಮೇಲೂ ಬಿಡದೆ ಮಾಡಿದರು. ಕೊಡಗಿನ ಕಾಫಿತೋಟಗಳಿಗೂ ಮಲೆನಾಡಿನ ಅಡಿಕೆ ಮನೆಗಳಿಗೂ ಜೀಪು ಬಂದದ್ದು ಹೀಗೆ. ಇಲ್ಲಿ ಪೂರ್ವಪಕ್ಷಿ ಎದ್ದು ಕೇಳುತ್ತಾನೆ: ಏನೂ ಇಲ್ಲದಲ್ಲಿಂದ ಒಂದು ಜೀಪು ಹುಟ್ಟಲು 49 ದಿನ ಸಾಕಾಯಿತು, ಇರುವ ಜೀಪಿಗೆ ನೆಲದ ತಗಡು ಕೂರಿಸಲು ಮೂರು ಮಳೆಗಾಲ ಏಕೆ ಸಾಲದು? ಉತ್ತರ ಸುಲಭ. ಹೊಸದಾಗಿ ಮಾಡುವವನ ವ್ಯವಹಾರ ಇರುವ ವಸ್ತುಗಳೊಂದಿಗೆ. ಬ್ಯಾಂಟಮ್‌ನವರಿಗೆ ಬಿಚ್ಚಲು ಬಾರದ ಒಂದು ಬೋಲ್ಟೂ ಎದುರಾಗಿರಲಿಲ್ಲ. ರಿಪೇರಿ ಮಾಡುವವನ ವ್ಯವಹಾರವೆಲ್ಲ ಇಲ್ಲದ ವಸ್ತುಗಳೊಂದಿಗೆ. ಇಲ್ಲದ್ದನ್ನು ಗಡುವಿಗೆ ಕಟ್ಟುವುದು ಹೇಗೆ?

ವೈಶೇಷಿಕರು ಜಗತ್ತನ್ನು ಮೊದಲು ಆರು ಪದಾರ್ಥಗಳಲ್ಲಿ ಅಡಕ ಮಾಡಿದರು: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ. ಅಭಾವವನ್ನು ಏಳನೆಯದಾಗಿ ಸೇರಿಸಿಕೊಂಡವರು ಆಮೇಲಿನವರು. ಜೀಪು ಕೊಂಡ ಮನೆಗಳಲ್ಲೂ ಜ್ಞಾನ ಹುಟ್ಟುವುದು ಇದೇ ಕ್ರಮದಲ್ಲಿ. ಗ್ರಿಲ್ಲು, ಟೈರು, ಎಂಜಿನ್ನಿನ ಸದ್ದು ಎಲ್ಲ ಮೊದಲ ದಿನವೇ ತಿಳಿಯುತ್ತವೆ, ಏಳನೆಯದು ತಿಳಿಯುವುದು ಹಣ ಕೊಟ್ಟಾದ ಮೇಲೆ, ನೆಲದ ಮ್ಯಾಟ್ ಎತ್ತಿದಾಗ. ಅಭಾವಕ್ಕೆ ತಾರ್ಕಿಕರು ಕೊಡುವ ಖಾಯಂ ಉದಾಹರಣೆ, ಭೂತಲದಲ್ಲಿ ಗಡಿಗೆ ಇಲ್ಲ ಎಂಬುದು. ಶತಮಾನಗಟ್ಟಲೆ ಅವರು ಗಡಿಗೆಯನ್ನೇ ಇಲ್ಲವಾಗಿಸುತ್ತ ಕೂತರು. ತಲವೇ ಇಲ್ಲವಾದರೆ ಏನು ಗತಿ ಎಂದು ಕೇಳಿಕೊಳ್ಳಲಿಲ್ಲ. ಜೀಪು ಆ ಕೊರತೆಯನ್ನು ತುಂಬಿದೆ. ಡ್ರೈವರ್ ಸೀಟಿನ ಮುಂದಿನ ತೂತಿನಲ್ಲಿ ಬಗ್ಗಿ ನೋಡಿದರೆ ಗಾಡಿಯ ತಲ ಇಲ್ಲದಿರುವುದೂ ಭೂತಲ ಇರುವುದೂ ಒಂದೇ ನೋಟಕ್ಕೆ ಸಿಗುತ್ತವೆ. ಇಷ್ಟು ನಿಚ್ಚಳ ದೃಷ್ಟಾಂತ ಹಿಂದಿನ ಯಾವ ವಿದ್ಯಾಪೀಠಕ್ಕೂ ಒದಗಿರಲಿಲ್ಲ.

ಅಭಾವದಲ್ಲಿ ನಾಲ್ಕು ಬಗೆ ಎನ್ನುತ್ತಾರೆ, ನಾಲ್ಕೂ ಅಂಗಳದಲ್ಲೇ ಸಿಗುತ್ತವೆ. ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಕೆಲಸ ಮುಗಿಯುವುದರ ಪ್ರಾಗಭಾವ ಇಂಥದ್ದು. ಅಂತ್ಯವುಂಟು ಎಂಬುದಕ್ಕೆ ಸದ್ಯಕ್ಕೆ ಶಾಸ್ತ್ರವೊಂದೇ ಆಧಾರ. ಆರ್ಡರ್ ಮಾಡಿದ ಪಾರ್ಟು, ಪೇಟೆಯಿಂದ ಬಂದ ಪಾರ್ಟು ಇವೆರಡರ ನಡುವಿನದು ಅನ್ಯೋನ್ಯಾಭಾವ. ಎಡಬಲದ ಮಡ್‌ಗಾರ್ಡ್‌ಗಳ ಸಮಮಟ್ಟ ಮೂರು ಕಾಲಕ್ಕೂ ಇಲ್ಲದ್ದಾದ್ದರಿಂದ ಅದು ಅತ್ಯಂತಾಭಾವ. ನಮ್ಮ ವಾದಕ್ಕೆ ನೇರವಾಗಿ ಬೇಕಾದದ್ದು ಪ್ರಧ್ವಂಸಾಭಾವ, ಅಂದರೆ ನಾಶವಾದ ವಸ್ತುವಿನ ಇಲ್ಲದಿರುವಿಕೆ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ತುಕ್ಕು ತಿಂದ ತಗಡು ಒಮ್ಮೆ ಹೋದರೆ ಆ ತಗಡಿನ ಇಲ್ಲದಿರುವಿಕೆ ಶಾಶ್ವತ. ವೆಲ್ಡ್ ಮಾಡಿ ಕೂರಿಸಿದ್ದು ಬೇರೆಯದೇ ಒಂದು ತಗಡು. ಅದು ಹಳೆಯ ತೂತಿನ ಜಾಗದಲ್ಲಿ ಕೂತಿದೆಯೇ ಹೊರತು ತೂತನ್ನು ನಾಶ ಮಾಡಿಲ್ಲ. ಪ್ಯಾಚಿನ ಅಂಚಿನಲ್ಲಿ ಮರುವರ್ಷವೇ ಕಂದು ಗೆರೆಯೊಂದು ಏಳುವುದು, ಒಳಗಿನ ತೂತು ತಾನಿನ್ನೂ ಇದ್ದೇನೆಂದು ಕೊಡುವ ಪ್ರಮಾಣಪತ್ರ.

ತೂತನ್ನು ಅರಿಯುವುದು ಯಾವ ಪ್ರಮಾಣದಿಂದ? ಕಣ್ಣಿಗೇ ಕಾಣುತ್ತದೆ ಎಂದು ನೈಯಾಯಿಕರು, ಇಲ್ಲ, ಅದಕ್ಕೆ ಅನುಪಲಬ್ಧಿ ಎಂಬ ಬೇರೆ ಪ್ರಮಾಣವೇ ಬೇಕು ಎಂದು ಭಾಟ್ಟ ಮೀಮಾಂಸಕರು. ಪ್ರಾಭಾಕರರಂತೂ ಅಭಾವವೆಂಬ ಪದಾರ್ಥವನ್ನೇ ಒಪ್ಪುವುದಿಲ್ಲ. ಹಳೆಯ ಜೀಪು ಮಾರುವವರೆಲ್ಲ ಈ ಪಂಥದವರು. ಮೂರು ಮತಗಳೂ ಸ್ಕ್ರೂಡ್ರೈವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬಣ್ಣ ಉಬ್ಬಿದ ಜಾಗಕ್ಕೆ ಅದರ ಮೊನೆಯನ್ನು ಮೆಲ್ಲಗೆ ಒತ್ತಿದರೆ ಕರಕ್ಕೆಂದು ಒಳಗೆ ಹೋಗುತ್ತದೆ. ಚುಚ್ಚುವ ಮುನ್ನ ಅಲ್ಲಿ ತೂತಿತ್ತೇ, ಚುಚ್ಚಿದ್ದರಿಂದ ಆಯಿತೇ? ಇತ್ತು ಎಂದರೆ ನಿನ್ನೆಯವರೆಗೆ ಅಲ್ಲಿ ಕಾಲಿಟ್ಟು ಕೂತವರನ್ನು ಹೊತ್ತದ್ದು ಬಣ್ಣ ಮತ್ತು ಪುಟ್ಟಿ ಎಂದಾಗುತ್ತದೆ. ಆಯಿತು ಎಂದರೆ ರಿಪೇರಿಯವನೇ ಅಪರಾಧಿ. ನಾವು ಮೊದಲ ಪಕ್ಷದವರು. ಜೀಪಿನ ರಚನೆಯೂ ನಮ್ಮ ಕಡೆಗಿದೆ. ಎರಡು ತಗಡುಗಳನ್ನು ಒಂದರ ಮೇಲೊಂದು ಇಟ್ಟು ಸ್ಪಾಟ್ ವೆಲ್ಡ್ ಮಾಡಿದಲ್ಲೆಲ್ಲ ನೀರು ನುಗ್ಗುವಷ್ಟು, ಬಣ್ಣ ನುಗ್ಗಲಾರದಷ್ಟು ಸಂದು ಇರುತ್ತದೆ. ಯುದ್ಧಕಾಲದ ವಿಲ್ಲೀಸ್‌ನಲ್ಲಿ ನೆಲದಡಿಯ ಟೋಪಿಯಾಕಾರದ ಕಬ್ಬಿಣದ ಪಟ್ಟಿಗಳೊಳಗೆ ಬಲಕ್ಕೆಂದು ಮರದ ರೀಪು ತುಂಬಿಸಿದ್ದರು. ಆ ಮರ ಕುಡಿದ ನೀರನ್ನು ಬಿಟ್ಟುಕೊಡದೆ ತಗಡನ್ನು ಒಳಗಿನಿಂದಲೇ ತಿನ್ನಿಸಿತು. ಡ್ರೈವರ್ ಸೀಟಿನಡಿ ಪೆಟ್ರೋಲ್ ಟ್ಯಾಂಕು ಕೂರುವ ತೊಟ್ಟಿ, ಹಿಂಬದಿಯ ಟೂಲ್ ಪೆಟ್ಟಿಗೆಗಳು, ಇವೂ ಅದೇ ಜಾತಿ. ಆ ತೊಟ್ಟಿಗೆ ನೀರು ಹೊರಹೋಗಲೆಂದು ಕಾರ್ಖಾನೆಯವರೇ ರಂಧ್ರ ಕೊರೆದಿದ್ದರು. ಅಂದರೆ ತೂತು ಜೀಪಿನೊಂದಿಗೇ ಹುಟ್ಟಿದ್ದು, ತಗಡು ಸವೆದದ್ದು ಆ ಮೂಲ ತೂತಿನ ಹಕ್ಕು ವಿಸ್ತರಣೆ. ಎಲೆ, ಮಣ್ಣು ಕೂತು ಅದು ಕಟ್ಟಿಕೊಂಡಾಗಲೇ ತೊಟ್ಟಿ ಹಾಳಾಗುವುದು ಎಂಬುದನ್ನು ಗಮನಿಸಿ: ತೂತು ಮುಚ್ಚಿದ್ದರಿಂದ ತೂತು ಬಿದ್ದಿದೆ.

ಇನ್ನು ರಸಾಯನ. ಸಂಡೂರು, ಬಳ್ಳಾರಿಯ ಗುಡ್ಡಗಳಲ್ಲಿ ಸಿಗುವ ಹೆಮಟೈಟ್ ಎಂದರೆ ಕಬ್ಬಿಣದ ಆಕ್ಸೈಡು. ಶುದ್ಧವಾಗಿದ್ದರೆ ತೂಕದಲ್ಲಿ ಶೇ. 70ರಷ್ಟು ಕಬ್ಬಿಣ. ಕುಲುಮೆಯಲ್ಲಿ ಕೋಕ್ ಉರಿಸಿ ಆಕ್ಸಿಜನ್ನನ್ನು ಬಿಡಿಸಿದ ಮೇಲೆ ಉಕ್ಕು. ಮಳೆ, ಗಾಳಿ ಸೇರಿ ಆ ಆಕ್ಸಿಜನ್ನನ್ನು ಮರಳಿ ಕೂಡಿಸಿದರೆ ತುಕ್ಕು. ನೀರಿನಂಶ ಹಿಡಿದ ಅದರ ಮುಖ್ಯ ರೂಪದಲ್ಲಿ ಕಬ್ಬಿಣ ಶೇ. 63ರಷ್ಟು. ಹಾಗಾಗಿ ತುಕ್ಕು ರೋಗವಲ್ಲ, ತಗಡು ತವರಿಗೆ ಹೊರಟಿದೆ ಅಷ್ಟೇ. ದಾರಿಗೆ ಅಡ್ಡ ನಿಂತವರಿಗೆ ಯಾವ ತವರೂ ಮರ್ಯಾದೆ ಕೊಟ್ಟದ್ದಿಲ್ಲ. (ನೆಲದಿಂದ ಗುಡಿಸಿ ತೆಗೆದ ಪುಡಿ ದರ್ಜೆಯಲ್ಲಿ ಮಾರಾಟದ ಅದಿರಿಗೆ ಸರಿಸಮ ಎಂಬುದನ್ನು ಗಣಿ ಇಲಾಖೆಯವರ ಕಿವಿಗೆ ಹಾಕದಿರುವುದು ಒಳಿತು.) ಗಾಳಿಯ ತೇವ ಶೇ. 60 ದಾಟಿದರೆ ತುಕ್ಕಿನ ವೇಗ ಏರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಆಷಾಢದಲ್ಲಿ ಶೇ. 60 ಎಂಬುದೇ ಒಂದು ಕಲ್ಪನಾವಿಲಾಸ. ಇಂಥಲ್ಲಿ ತಗಡಿನ ಆಯುಷ್ಯ ಕೇಳುವುದಕ್ಕಿಂತ ತೂತಿನ ಬೆಳವಣಿಗೆ ಅಳೆಯುವುದು ವಿಜ್ಞಾನಸಮ್ಮತ. ರೂಪಾಯಿ ಅಗಲದ ತೂತಿಗೆ ಪ್ಯಾಚ್ ಹಾಕಲು ಸುತ್ತ ಗಟ್ಟಿ ಕಬ್ಬಿಣ ಬೇಕು; ಗಟ್ಟಿ ಸಿಗುವವರೆಗೆ ಗ್ರೈಂಡರ್ ಹಿಡಿದು ಕತ್ತರಿಸುತ್ತ ಹೋದರೆ ತೂತು ಊಟದ ತಟ್ಟೆಯಷ್ಟಾಗುತ್ತದೆ. ಅಂಚಿಗೆ ಆರ್ಕ್ ಕಡ್ಡಿ ಮುಟ್ಟಿಸಿದರೆ ಮಿಲಿಮೀಟರಿನಷ್ಟೇ ಉಳಿದ ತಗಡು ಕರಗಿ ತೊಟ್ಟಿಕ್ಕಿ ಹೊಸ ತೂತು. ಎರಡು ತೂತುಗಳ ನಡುವಿನ ಎಸಳು ಉದುರಿದರೆ ಎರಡೂ ಒಂದಾಗುತ್ತವೆ. ಹೀಗೆ ತೂತುಗಳ ಸಂಖ್ಯೆ ದಿನೇ ದಿನೇ ಇಳಿಯುವುದನ್ನು ಮನೆಯವರು ಪ್ರಗತಿಯೆಂದು ಭ್ರಮಿಸುವುದುಂಟು. ಸಂಖ್ಯೆ ಒಂದಕ್ಕೆ ಇಳಿದ ದಿನ ಜೀಪು ಇರುವುದಿಲ್ಲ.

ತುಕ್ಕು ತಡೆಯಲು ಬಳಿಯುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಯಾವುದು? ಅದೇ ಕಬ್ಬಿಣದ ಆಕ್ಸೈಡು. ತುಕ್ಕನ್ನು ಉಜ್ಜಿ ತೆಗೆದು, ಡಬ್ಬಿಯಲ್ಲಿ ಬಂದ ತುಕ್ಕನ್ನು ದುಡ್ಡು ಕೊಟ್ಟು ಹಚ್ಚುವುದಕ್ಕೆ ಸಂಸ್ಕಾರವೆಂದೇ ಹೆಸರಿಡಬೇಕು. ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸುವ ದ್ರಾವಣಗಳಲ್ಲಿ ಕೆಲವಕ್ಕೆ ಟ್ಯಾನಿಕ್ ಆಮ್ಲವೇ ಜೀವಾಳ. ಅಳಲೆಕಾಯಿಯ ಚೊಗರಿಗೆ ಅನ್ನಭೇದಿ ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದರಲ್ಲ, ರಾಸಾಯನಿಕವಾಗಿ ಅದೂ ಇದೂ ಒಂದೇ ಕುಲ. ಆದ್ದರಿಂದ ಮಡ್‌ಗಾರ್ಡಿನಡಿ ಮಲಗಿ ಬ್ರಷ್ ಆಡಿಸುವವರನ್ನು ಮೆಕ್ಯಾನಿಕ್ ಎನ್ನದೆ ಲಿಪಿಕಾರ ಎನ್ನುವುದು ಹೆಚ್ಚು ಸರಿ.

ಆಕ್ಷೇಪಗಳಿಗೆ ಬರೋಣ. ಕಬ್ಬಿಣವೆಲ್ಲ ತೂತಿನತ್ತ ಹೋಗುವುದಾದರೆ ದೆಹಲಿಯ ಕಬ್ಬಿಣದ ಕಂಬ 1,600 ವರ್ಷ ಹೇಗೆ ನಿಂತಿತು, ಕೊಡಚಾದ್ರಿಯ ಮೂಲ ಮೂಕಾಂಬಿಕಾ ಗುಡಿಯ ಬಳಿಯ ಕಂಬ ಅಷ್ಟು ಮಳೆಯಲ್ಲಿ ನೆನೆದೂ ಹೇಗೆ ಉಳಿಯಿತು ಎಂದು ಕೇಳಬಹುದು. ದೆಹಲಿಯದರಲ್ಲಿ ರಂಜಕ ಹೆಚ್ಚಿರುವುದರಿಂದ ಮೈಮೇಲೆ ರಕ್ಷಣೆಯ ತೆಳು ಪೊರೆ ಕಟ್ಟಿದೆ ಎಂದು ಲೋಹಶಾಸ್ತ್ರಜ್ಞರು ತೋರಿಸಿದ್ದಾರೆ. ಅದಿರಲಿ. ಕಂಬಕ್ಕೆ ಮಡಿಕೆಯಿಲ್ಲ, ಟೂಲ್ ಪೆಟ್ಟಿಗೆಯಿಲ್ಲ, ನೀರು ನಿಲ್ಲುವ ತೊಟ್ಟಿಯಿಲ್ಲ. ತೂತಿಗೆ ಅಲ್ಲಿ ಬೀಜವೇ ಬಿದ್ದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಕಂಬಗಳನ್ನೂ ಯಾರೂ ರಜೆಯ ದಿನಗಳಲ್ಲಿ ಮನೆಯಲ್ಲಿ ಸರಿಮಾಡಲು ಹೊರಟಿಲ್ಲ.

ಎರಡನೆಯ ಆಕ್ಷೇಪ ಹಣವಂತರದು: ಹಳೆಯದನ್ನು ಗುಜರಿಗೆ ಹಾಕಿ ಹೊಸ ಬಾಡಿ ತಂದರಾಯಿತು. ಫಿಲಿಪೀನ್ಸಿನಲ್ಲಿ ಯುದ್ಧಕಾಲದ ಜೀಪಿನ ಇಡೀ ಬಾಡಿಯನ್ನು ಹೊಸದಾಗಿ ಮಾಡಿ ಮಾರುತ್ತಾರೆ. ಹರಿಯಾಣದ ಡಬವಾಲಿ ಎಂಬ ಊರು ಜೀಪು ಕಟ್ಟಿಕೊಡುವುದಕ್ಕೇ ಹೆಸರಾಗಿದೆ. ಆಗಮಗಳ ಜೀರ್ಣೋದ್ಧಾರ ವಿಧಿಯಲ್ಲೂ ಹಳೆಯ ಬಿಂಬದ ಕಳೆಯನ್ನು ಕುಂಭಕ್ಕೆ ಇಳಿಸಿ ಹೊಸ ಬಿಂಬಕ್ಕೆ ಏರಿಸುವುದುಂಟು ಎಂದು ಇವರು ವಾದಿಸಬಹುದು. ನಂಬರ್ ಪ್ಲೇಟನ್ನು ಬಿಚ್ಚಿ ಹೊಸ ತಗಡಿಗೆ ರಿವಿಟ್ ಹೊಡೆಯುವುದು ಆ ಕಲಾಕರ್ಷಣೆಯೇ ತಾನೆ? ಆದರೆ ಕೇಂದ್ರ ಸರ್ಕಾರದ 2021ರ ನಿಯಮ ಅಡ್ಡ ಬರುತ್ತದೆ. ಐವತ್ತು ವರ್ಷ ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಬೇಕಾದರೆ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ಅರ್ಧ ಶತಮಾನ ಮಲೆನಾಡಿನಲ್ಲಿ ನೆನೆದ ಬಾಡಿಯ ಮೂಲ ರೂಪದಲ್ಲಿ ಇಂದು ಉಳಿದಿರುವುದೇನು ಎಂದು ನಿಷ್ಪಕ್ಷಪಾತವಾಗಿ ಅಳೆದರೆ, ಹೆಚ್ಚಿನ ಪಾಲು ತೂತು. ತೂತನ್ನು ಕಳಚಿ ಹೊಸ ತಗಡು ಹಾಕಿದವರು ಕಾನೂನಿನ ಆಶಯಕ್ಕೆ ಎಷ್ಟು ಹತ್ತಿರ, ಟಾರ್ಪಾಲು ಹೊದಿಸಿ ಸುಮ್ಮನೆ ಬಿಟ್ಟವರು ಎಷ್ಟು ಹತ್ತಿರ ಎಂಬುದನ್ನು ಆರ್‌ಟಿಒ ಕಚೇರಿಯವರೇ ತೂಗಿ ನೋಡಲಿ.

ಉಳಿದದ್ದು ಚಾರ್ವಾಕ ಪಕ್ಷ, ಪ್ರಬಲವಾದದ್ದೂ ಅದೇ. ಕೊಲ್ಲೂರು, ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳ ಡ್ರೈವರುಗಳು ಇದರ ಆಚಾರ್ಯರು. ಇವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ: ಕೂತವರ ಕಾಲು ಕೆಳಕ್ಕೆ ಇಳಿಯದಿದ್ದರೆ ತೂತಿಲ್ಲ, ಇಳಿದರೆ ಮೇಲೊಂದು ಚೆಕರ್ ಪ್ಲೇಟು ಇಟ್ಟು ನಾಲ್ಕು ಬೋಲ್ಟು ಬಿಗಿದರೆ ಆಗಲೂ ಇಲ್ಲ. ಪ್ರಾಗಭಾವ, ಪ್ರಧ್ವಂಸಾಭಾವಗಳ ಭೇದವನ್ನು ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ರೆಡ್ ಆಕ್ಸೈಡ್ ಮೊದಲೋ ಪುಟ್ಟಿ ಮೊದಲೋ ಎಂದು ಕೇಳಿದರೆ ಡೀಸೆಲ್ ದರ ಹೇಳುತ್ತಾರೆ. ಇವರ ಮತ ಮೂರು ಕಡೆ ಮುರಿದು ಬೀಳುತ್ತದೆ. ಬೋಲ್ಟು ಹಾಕಲು ನಾಲ್ಕು ಹೊಸ ತೂತು ಕೊರೆದದ್ದರಿಂದ ಒಂದು ತೂತನ್ನು ಮುಚ್ಚಲು ನಾಲ್ಕನ್ನು ಹುಟ್ಟಿಸಿದ ಅನವಸ್ಥಾ ದೋಷ. ಪ್ಲೇಟಿನಡಿ ಕೆಸರು ಕೂರುವುದರಿಂದ ಹಳೆಯ ತಗಡಿನ ಶೀಘ್ರನಾಶ. ಪ್ಲೇಟು ಮತ್ತು ನೆಲ ಇವೆರಡರಲ್ಲಿ ಯಾವುದು ಜೀಪು ಎಂದು ನಿರ್ಣಯಿಸದೆ ಸವಾರಿ ಹೊರಟದ್ದು ಪ್ರಮಾದ. ಈ ಮೂರಕ್ಕೂ ಆ ಪಕ್ಷದಿಂದ ಇನ್ನೂ ಉತ್ತರ ಬಂದಿಲ್ಲ. ಬರುವ ಸೂಚನೆಯೂ ಇಲ್ಲ, ಏಕೆಂದರೆ ಗುಡ್ಡಕ್ಕೆ ಜನ ಬರುವ ದಿನಗಳಲ್ಲಿ ಅವರ ಗಾಡಿಗಳು ಬೆಳಗಿನಿಂದಲೇ ಘಾಟಿಯ ಮೇಲಿರುತ್ತವೆ, ವಾದಕ್ಕೆ ಕೂರಲು ಯಾರೂ ಕೈಗೆ ಸಿಗುವುದಿಲ್ಲ.