ಸಾಲಿನಲ್ಲಿ ನಿಲ್ಲದ ಲೋಹದ ಜೊತೆ ಮಾತುಕತೆ

ಬೀದಿ ಮೂಲೆಯ ಟಿಸಿಯೊಳಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ನೊಳಗೆ, ಎಣ್ಣೆಯಲ್ಲಿ ಮುಳುಗಿ ಕೂತಿರುವ ಅಮಾರ್ಫಸ್ ಲೋಹದ ಪಟ್ಟಿ ಸಂದರ್ಶನಕ್ಕೆ ಒಪ್ಪಿತು. ಕರೆಂಟ್ ಹೋದಾಗ ಮಾತ್ರ ಅದಕ್ಕೆ ಬಿಡುವು. ಹಾಗಾಗಿ ಸಮಯ ಧಾರಾಳವಾಗಿ ಸಿಕ್ಕಿತು.

ನಿಮ್ಮ ಮೇಲೆ ಅಶಿಸ್ತಿನ ಆರೋಪ ಇದೆಯಲ್ಲ?

ಆರೋಪ ಅಲ್ಲ ಸ್ವಾಮಿ, ನಿಜ. ಕಬ್ಬಿಣ, ಬೋರಾನ್, ಸಿಲಿಕಾನ್ ಸೇರಿದ ಸಂಸಾರ ನಮ್ಮದು. ನಿಧಾನಕ್ಕೆ ಆರಲು ಬಿಟ್ಟಿದ್ದರೆ ಪರಮಾಣುಗಳು ಸಾಲುಗಟ್ಟಿ ಹರಳಾಗುತ್ತಿದ್ದವು. ಬಿಡಲಿಲ್ಲ. ಕರಗಿದ ರಸವನ್ನು ಗಿರ್ರನೆ ತಿರುಗುವ ತಾಮ್ರದ ಗಾಲಿಯ ಮೇಲೆ ಹಾಯಿಸಿದರು. ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ ಲೆಕ್ಕದಲ್ಲಿ ತಾಪಮಾನ ಇಳಿಯಿತು. ಸೀಟು ಹುಡುಕುವ ಮೊದಲೇ ಬಸ್ ಹೊರಟರೆ ಜನ ನಿಂತಲ್ಲೇ ಕಂಬಿ ಹಿಡಿಯುವುದಿಲ್ಲವೆ, ನಮ್ಮವರೂ ಹಾಗೇ ಇದ್ದಲ್ಲೇ ಗಟ್ಟಿಯಾದರು.

ಯಾರ ಕಿತಾಪತಿ ಇದು?

1960ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪೋಲ್ ಡುವೆಜ್ ತಂಡದ್ದು. ಅವರು ಥಟ್ಟನೆ ತಣಿಸಿ ಗಾಜಿನಂತಾಗಿಸಿದ್ದು ಚಿನ್ನ-ಸಿಲಿಕಾನ್ ಮಿಶ್ರಲೋಹವನ್ನು. ವಂಶದ ಹಿರಿಯರು ಚಿನ್ನದವರು. ಕಂಬದ ಮೇಲೆ ದುಡಿಯಲು ಕಬ್ಬಿಣದವರೇ ಬೇಕಾಯಿತು.

ವಿದ್ಯುತ್ ಇಲಾಖೆಯ ಅನ್ನ ತಿಂದು ವಿದ್ಯುತ್ತಿಗೇ ಅಡ್ಡಗಾಲು ಹಾಕುತ್ತೀರಂತೆ?

ಅದಕ್ಕೇ ನನ್ನನ್ನು ಇಟ್ಟುಕೊಂಡಿರುವುದು! ಕರೆಂಟ್ ಹರಿಸುವುದು ತಾಮ್ರದ ಸುರುಳಿಯ ಕೆಲಸ. ನಾನು ಹೊರಬೇಕಾದ್ದು ಕಾಂತಕ್ಷೇತ್ರವನ್ನಷ್ಟೇ. ನನ್ನೊಳಗೇ ಕರೆಂಟ್ ಸುಳಿ ಸುತ್ತಿದರೆ ಬರೀ ಬಿಸಿ, ಬರೀ ನಷ್ಟ. ಇಲ್ಲಿ ಪರಮಾಣುಗಳು ಅಡ್ಡಾದಿಡ್ಡಿ ನಿಂತಿವೆ, ಎಲೆಕ್ಟ್ರಾನ್‌ಗಳಿಗೆ ನೆಟ್ಟಗೆ ಓಡಲು ದಾರಿಯಿಲ್ಲ. ನನ್ನ ರೋಧಕತೆ ಮಾಮೂಲಿ ಟಿಸಿಗಳಲ್ಲಿರುವ ಸಿಲಿಕಾನ್ ಉಕ್ಕಿನ ಸುಮಾರು ಎರಡೂವರೆ ಪಟ್ಟು. ದಪ್ಪ ನೋಡಿದರೆ ಸುಮಾರು 25 ಮೈಕ್ರಾನ್, ಕೂದಲಿಗಿಂತ ತೆಳು. ಹರಳುಗಳಿಲ್ಲ, ಅವುಗಳ ನಡುವಿನ ಗಡಿಯ ತಂಟೆಯೂ ಇಲ್ಲ. ಕಾಂತತ್ವ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸಿದರೂ ಬೆವರುವುದಿಲ್ಲ. ಪಕ್ಷ ಬದಲಿಸುವವರಿಗೂ ಇಷ್ಟು ಸಲೀಸಿಲ್ಲ. ಲೋಡ್ ಇಲ್ಲದಾಗಿನ ನಷ್ಟ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಹಾಗಿದ್ದರೆ ಎಲ್ಲ ಟಿಸಿಯಲ್ಲೂ ನೀವೇಕಿಲ್ಲ?

ಬೆಲೆ ಜಾಸ್ತಿ. ಉಕ್ಕಿನಷ್ಟು ಕಾಂತತ್ವ ಹೊರಲಾರೆ, ಅದಕ್ಕೇ ನನ್ನನ್ನು ಸುತ್ತಿ ಮಾಡಿದ ತಿರುಳು ದೊಡ್ಡದು. ಕಾಯಿಸಿ ಹದ ಮಾಡಿದ ಮೇಲೆ ಬಗ್ಗಿಸಿದರೆ ಚೂರಾಗುತ್ತೇನೆ. ಹದ ಮೀರಿ 500 ಡಿಗ್ರಿ ದಾಟಿಸಿದರಂತೂ ಹರಳುಗಟ್ಟಿ, ಶಿಸ್ತು ಕಲಿತು, ನಿಷ್ಪ್ರಯೋಜಕನಾಗುತ್ತೇನೆ.

ನಿಮ್ಮಿಂದ ನಷ್ಟ ಇಳಿಯುತ್ತದೆಂದು ಟಿಸಿ ಕೊಳ್ಳುವ ಟೆಂಡರ್ ಸಮಿತಿಗೆ ಗೊತ್ತಿಲ್ಲವೆ?

ಅವರು ಎಷ್ಟೋ ಸಲ ನೋಡುವುದು ಖರೀದಿಯ ದಿನದ ಬೆಲೆ. ನಷ್ಟ ಓಡುವುದು ವರ್ಷಕ್ಕೆ 8,760 ಗಂಟೆ, ಬೀದಿಯೆಲ್ಲ ಮಲಗಿದ್ದಾಗಲೂ.

ಓದುಗರಿಗೆ ಏನು ಹೇಳುತ್ತೀರಿ?

ನಿಮ್ಮ ಅಪಾರ್ಟ್‌ಮೆಂಟಿಗೋ ಕಾರ್ಖಾನೆಗೋ ಟಿಸಿ ಕೊಳ್ಳುವಾಗ ಬೆಲೆ ಕೇಳಿ, ಚೌಕಾಸಿ ಮಾಡಿ. ಆಮೇಲೆ ಇದನ್ನೂ ಕೇಳಿ: ಲೋಡ್ ಇಲ್ಲದೆ ಸುಮ್ಮನೆ ಕೂತಾಗ ಇದು ಎಷ್ಟು ವ್ಯಾಟ್ ತಿನ್ನುತ್ತದೆ?