ಸಾದರ ಸ್ವೀಕಾರ

ಗದಗಿನಲ್ಲಿ ಪುಸ್ತಕ ಬರೆಯುವುದು ಸುಲಭ. ಅಚ್ಚು ಹಾಕಿಸುವುದು ಅದಕ್ಕಿಂತ ಸುಲಭ. ಊರಿಗೆ ಮುದ್ರಣ ಕಾಶಿ ಅಂತ ಸುಮ್ಮಸುಮ್ಮನೆ ಹೆಸರು ಬಂದಿಲ್ಲ. ಶಾಬಾದಿಮಠದವರು ಅಚ್ಚು ಹಾಕಿದ ಪುರಾಣ, ನಾಟಕದ ಪುಸ್ತಕಗಳನ್ನು ನೋಡದ ಹಳೆಯ ತಲೆ ಈ ಕಡೆ ಸಿಗಲಿಕ್ಕಿಲ್ಲ. ಲಾರಿಗಳಿಂದ ದೇಶಕ್ಕೆಲ್ಲ ಪರಿಚಯವಾದ ವಿಜಯ ಸಂಕೇಶ್ವರರ ಮನೆತನವೂ ಮೊದಲು ಅಚ್ಚು-ಪುಸ್ತಕದ ವ್ಯವಹಾರದ್ದೇ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳಂತೂ ಪುಸ್ತಕ ಪ್ರಕಟಿಸಿ ಪ್ರಕಟಿಸಿ ‘ಪುಸ್ತಕದ ಸ್ವಾಮಿಗಳು’ ಅನ್ನಿಸಿಕೊಂಡರು. ಇಷ್ಟೆಲ್ಲ ಅಚ್ಚಾಗುವ ಊರಲ್ಲಿ, ಅಚ್ಚಾದದ್ದನ್ನು ಓದಿ ಹೆಂಗದ ಅಂತ ನಾಲ್ಕು ಸಾಲು ಬರೆಯುವ ಕೆಲಸಕ್ಕೆ ಮಾತ್ರ ಜನ ಇಲ್ಲ. ಆ ಕುರ್ಚಿ ಖಾಲಿ ಇತ್ತು, ನಾನು ಹೋಗಿ ಕೂತೆ. ಯಾಕೆ ಖಾಲಿ ಇತ್ತು ಅಂತ ಕೂತ ಮೇಲೆ ತಿಳಿಯಿತು.

ಕಚೇರಿ ಇಲ್ಲ, ಸಂಬಳ ಇಲ್ಲ. ಪತ್ರಿಕೆಯವರು ಹಾಕಿದರೆ ಹಾಕಿದರು, ಇಲ್ಲದಿದ್ದರೆ ಪುಸ್ತಕದ ಹೆಸರು ‘ಸಾದರ ಸ್ವೀಕಾರ’ದಲ್ಲಿ ಬಂದು ಸದ್ಗತಿ ಪಡೆಯುತ್ತದೆ. ಗೌರವಧನ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬರುವ ಹೊತ್ತಿಗೆ ಅದು ಯಾವ ಪುಸ್ತಕದ್ದು ಎಂಬುದು ನನಗೂ ಮರೆತಿರುತ್ತದೆ, ಕಳಿಸಿದವರಿಗೂ ಮರೆತಿರುತ್ತದೆ. ನಮ್ಮ ಅತ್ತೆಯವರು ಇದನ್ನು ಇನ್ನೂ ಉದ್ಯೋಗದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಯಾರಾದರೂ ಕೇಳಿದರೆ, ‘ನಮ್ಮ ಸೊಸಿ ಓದಾಕತ್ತಾಳ್ರಿ’ ಅನ್ನುತ್ತಾರೆ. ಎಸ್ಸೆಸ್ಸೆಲ್ಸಿಗೆ ಮತ್ತೆ ಮತ್ತೆ ಕಟ್ಟುವವರ ಬಗ್ಗೆ ಹೇಳುವ ದನಿಯಲ್ಲಿ.

ಬೆಂಗಳೂರಿನ ವಿಮರ್ಶಕರ ಪುಣ್ಯ ನೋಡಿ. ಬರೆದದ್ದು ಅಚ್ಚಾದ ಮೇಲೆ ಆ ಕಾದಂಬರಿಕಾರರು ಎದುರಾಗಬೇಕೆಂದರೆ ಯಾವುದಾದರೂ ಸಮ್ಮೇಳನವೇ ನಡೆಯಬೇಕು. ನನಗೆ ಹಾಗಲ್ಲ. ಕಥೆಗಾರರೊಬ್ಬರು ಮುಳಗುಂದ ನಾಕಾದಲ್ಲಿ ಸಿಗುತ್ತಾರೆ, ಕವಿಯೊಬ್ಬರು ಬೆಟಗೇರಿಯಲ್ಲಿ ಸೀರೆ ತೋರಿಸುತ್ತಲೇ ‘ನನ್ ಸಂಕಲನ ಮುಗೀತೇನ್ರಿ ಅಕ್ಕಾರ?’ ಅನ್ನುತ್ತಾರೆ. ಬದನೆಕಾಯಿ ಬಜ್ಜಿ ತಿನ್ನಲು ನಿಂತರೆ ಪಕ್ಕದಲ್ಲಿ ನಿಂತವರು ನನ್ನ ತಟ್ಟೆಯ ದುಡ್ಡನ್ನೂ ಕೊಟ್ಟುಬಿಟ್ಟಿರುತ್ತಾರೆ. ಅವರದೊಂದು ಕಾದಂಬರಿ ಬರುವುದಿದೆ ಅಂತ ಗೊತ್ತಾಗುವುದು ಬಜ್ಜಿ ಹೊಟ್ಟೆಗಿಳಿದ ಮೇಲೆ. ವಿಮರ್ಶೆಗೆ ಎರಡು ಪ್ರತಿ ಅಂತ ಪತ್ರಿಕೆಯ ನಿಯಮ, ನನಗೆ ಬರುವುದು ಒಂದೇ. ಅದರ ಮೊದಲ ಪುಟದಲ್ಲಿ ‘ಆತ್ಮೀಯ ಸಹೋದರಿಗೆ’ ಅಂತ ಬರೆದಿರುತ್ತದೆ. ತವರಿನ ಸಂಬಂಧವೇ ಬೆಳೆದ ಮೇಲೆ ಮೂರನೆಯ ಅಧ್ಯಾಯ ಬೋರು ಅಂತ ಯಾವ ಬಾಯಿಂದ ಹೇಳುವುದು?

ಅದಕ್ಕೇ ನಮ್ಮ ಕಸುಬಿನವರು ಒಂದು ಭಾಷೆ ಮಾಡಿಕೊಂಡಿದ್ದೇವೆ. ‘ಇನ್ನಷ್ಟು ಸಾಂದ್ರವಾಗಬಹುದಿತ್ತು’ ಅಂದರೆ ಅರ್ಧ ಕಿತ್ತು ಹಾಕಬೇಕಿತ್ತು ಅಂತ. ‘ಭರವಸೆ ಮೂಡಿಸುವ ಲೇಖಕ’ ಅನ್ನುವುದನ್ನು ನಿವೃತ್ತ ಮುಖ್ಯೋಪಾಧ್ಯಾಯರಿಗೂ ಬಳಸಿದ್ದುಂಟು. ಏನೂ ಸಿಗದಿದ್ದಾಗ ‘ಮುಖಪುಟ ಆಕರ್ಷಕವಾಗಿದೆ, ಮುದ್ರಣ ಅಚ್ಚುಕಟ್ಟಾಗಿದೆ.’ ಬೇರೆ ಊರಲ್ಲಿ ಇದರ ಗುಟ್ಟು ತಿಳಿಯುತ್ತದೆ. ಗದಗಿನಲ್ಲಿ ಪ್ರೆಸ್ಸಿನವರು ಫೋನ್ ಮಾಡಿ, ‘ಭಾಳ ಖುಷಿ ಆತ್ರಿ, ಇಷ್ಟ ದಿನಕ್ಕ ಒಬ್ಬರು ಖರೇ ವಿಮರ್ಶೆ ಬರದ್ರಿ’ ಅನ್ನುತ್ತಾರೆ.

ನಮ್ಮ ನೆಲಕ್ಕೆ ಟೀಕೆ ಹೊಸದಲ್ಲ ಅನ್ನುವುದೂ ನಿಜ. ಲಕ್ಷ್ಮೇಶ್ವರದ ಬಸ್ಸು ಮುಳಗುಂದದಲ್ಲಿ ನಿಂತಾಗೆಲ್ಲ ನನಗೆ ನಯಸೇನ ನೆನಪಾಗುತ್ತಾನೆ. 1112ರಲ್ಲಿ ‘ಧರ್ಮಾಮೃತ’ ಬರೆದ ಈ ಪುಣ್ಯಾತ್ಮ, ಕನ್ನಡ ಬರೆಯುತ್ತೇನೆ ಅಂತ ಹೊರಟು ಸಂಸ್ಕೃತ ತುರುಕುವ ಕವಿಗಳಿಗೆ, ತುಪ್ಪಕ್ಕೆ ಎಣ್ಣೆ ಬೆರೆಸುತ್ತಾರೇನ್ರೋ ಎಂಬ ಅರ್ಥ ಬರುವಂತೆ ಛೇಡಿಸಿದ. ಅವನನ್ನು ಜಿಲ್ಲೆಯ ಮೊದಲ ವಿಮರ್ಶಕ ಅಂತ ನಾನು ನನ್ನ ಮಟ್ಟಿಗೆ ನೇಮಿಸಿಕೊಂಡಿದ್ದೇನೆ. ಬಸ್ಸು ಮುಂದೆ ಲಕ್ಷ್ಮೇಶ್ವರ ಮುಟ್ಟಿದರೆ ಅಲ್ಲಿ ಕತೆ ಬೇರೆ. ಅದು ಪುಲಿಗೆರೆ. ಪಂಪನೇ ತನ್ನ ಕಾವ್ಯದ ಕನ್ನಡಕ್ಕೆ ಹೆಸರಿಟ್ಟು ತೋರಿಸಿದ ಊರು. ಅಲ್ಲಿನ ಲೇಖಕರೊಬ್ಬರಿಗೆ, ‘ಈ ವಾಕ್ಯದಾಗ ಕ್ರಿಯಾಪದನ ಇಲ್ಲಲ್ರಿ ಸರ’ ಅಂದೆ. ಅವರು ಸೋಮೇಶ್ವರ ಗುಡಿಯ ಕಡೆ ಕೈ ಮಾಡಿ, ‘ಅಕ್ಕಾರ, ಕನ್ನಡದ ತಿರುಳು ಇದ್ದದ್ದ ಇಲ್ಲಿ. ನಾವ್ ಬರದದ್ದ ವ್ಯಾಕರಣ’ ಅಂದರು. ಸಾವಿರ ವರ್ಷ ಹಿಂದಿನ ಸರ್ಟಿಫಿಕೇಟ್ ಹಿಡಿದು ನಿಂತವರ ಎದುರು ಕೆಂಪು ಪೆನ್ನು ತೆಗೆಯಲಾದೀತೇ?

ಹತ್ತಿರದ ಕಾಲದ ದೊಡ್ಡ ವಿಮರ್ಶಕರಲ್ಲಿ ಕೀರ್ತಿನಾಥ ಕುರ್ತಕೋಟಿಯವರು ಹುಟ್ಟಿದ್ದು ಇದೇ ಗದಗಿನಲ್ಲಿ, 1928ರಲ್ಲಿ. ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಬರೆದವರು. ‘ಉರಿಯ ನಾಲಗೆ’ಗೆ 1995ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಗಿರಡ್ಡಿ ಗೋವಿಂದರಾಜರು ರೋಣ ತಾಲ್ಲೂಕಿನ ಅಬ್ಬಿಗೇರಿಯವರು. ಆದರೆ ಒಂದು ಸೂಕ್ಷ್ಮ ಗಮನಿಸಿ. ಕುರ್ತಕೋಟಿಯವರು ಬಹುಕಾಲ ಇಂಗ್ಲಿಷ್ ಪಾಠ ಹೇಳಿದ್ದು ಗುಜರಾತಿನ ಆಣಂದದಲ್ಲಿ. ಗಿರಡ್ಡಿಯವರು ನೆಲೆಸಿದ್ದು ಧಾರವಾಡದಲ್ಲಿ. ಅವರ ಪಾಂಡಿತ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೂ ಗದಗಿನ ಬಸ್ ಸ್ಟ್ಯಾಂಡಿನಿಂದ ಆಣಂದಕ್ಕೆ ಇರುವ ದೂರವೂ ಸ್ವಲ್ಪ ಕೆಲಸ ಮಾಡಿರಬೇಕು ಅನ್ನುವುದು ನನ್ನ ಹೊಟ್ಟೆಕಿಚ್ಚಿನ ಸಿದ್ಧಾಂತ.

ಕಾದಂಬರಿಕಾರರನ್ನು ಹೇಗೋ ಸುಧಾರಿಸಬಹುದು. ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದು ಲಿಸ್ಬನ್ನಿನಿಂದ ವಿಜಯನಗರದವರೆಗೆ ಓದುಗರನ್ನು ಎಳೆದುಕೊಂಡು ಹೋಯಿತಲ್ಲ, ಅಂದಿನಿಂದ ಮುಂಡರಗಿ ಕಡೆಯ ಲೇಖಕರಿಗೆ ಮನೆ ಮುಂದಿನ ಹೊಳೆ ಹೊಸದಾಗಿ ಕಾಣತೊಡಗಿದೆ. ಹಸ್ತಪ್ರತಿಗಳ ತೂಕ ಏರಿದೆ. 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯ ಒಂದರಲ್ಲಿ ಕಪ್ಪತ್ತಗುಡ್ಡ ಹತ್ತಿದವನು ಇನ್ನೂರು ಪುಟವಾದರೂ ಕೆಳಗಿಳಿದಿರಲಿಲ್ಲ. ದಾರಿಯುದ್ದಕ್ಕೂ ಗಿಡಮೂಲಿಕೆಗಳ ಪರಿಚಯ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಷ್ಟು ತೆಳ್ಳಗಿದೆ ನೋಡಿರಿ ಅಂತ ಆ ಹಸ್ತಪ್ರತಿಯವರಿಗೆ ಉದಾಹರಣೆ ಕೊಟ್ಟೆ. ‘ಅವರಿಗೆ ವಿಷಯ ಸಾಕಷ್ಟ ಸಿಕ್ಕಿರ್ಲಿಕ್ಕಿಲ್ರಿ’ ಅಂದರು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲಂತೂ ಹುಡುಗರು ವಿಮರ್ಶೆ ಕೇಳುವುದನ್ನೇ ಬಿಟ್ಟಿದ್ದಾರೆ. ಈಗ ಕೇಳುವುದು ಒಂದೇ: ‘ಅಕ್ಕಾರ, ಯಾರರ ಅನುವಾದ ಮಾಡೋರು ಗೊತ್ತದಾರೇನ್ರಿ?’

ಆತ್ಮಕಥೆಯದೇ ನಿಜವಾದ ಫಜೀತಿ.

ಕಾದಂಬರಿಯ ಪಾತ್ರಗಳು ಬಂದು ಬಾಗಿಲು ಬಡಿಯುವುದಿಲ್ಲ. ಆತ್ಮಕಥೆಯ ಪಾತ್ರಗಳೆಲ್ಲ ಜೀವಂತವಾಗಿದ್ದು, ಬಿಡುಗಡೆ ಸಮಾರಂಭದಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಹೊದಿಕೆ ಬಿಚ್ಚಿ, ಫೋಟೋ ಹಿಡಿದು, ಶಾಲು ಹೊದಿಸಿ ಮುಗಿಯುವಷ್ಟರಲ್ಲಿ ಅವರು ಪುಟ ತಿರುವಿ ತಮ್ಮ ಹೆಸರು ಹುಡುಕಿ ಆಗಿರುತ್ತದೆ. ಹೆಸರು ಬಾರದವರಿಗೆ ಸಿಟ್ಟು, ಬಂದವರಿಗೆ ಅದಕ್ಕಿಂತ ಹೆಚ್ಚು ಸಿಟ್ಟು. ವೇದಿಕೆಯ ಮೇಲೆ ಕೃತಿ ಪರಿಚಯ ಮಾಡುತ್ತಿರುವ ನಾನು ‘ಪ್ರಾಮಾಣಿಕ ದಾಖಲೆ’ ಅಂದಾಗ ಎರಡನೇ ಸಾಲಿನಿಂದ ಒಬ್ಬರು ಕೆಮ್ಮುತ್ತಾರೆ. ಆ ಕೆಮ್ಮಿನಷ್ಟು ಖಡಕ್ಕಾದ ವಿಮರ್ಶೆಯನ್ನು ನಾನು ಅಚ್ಚಿನಲ್ಲಿ ಓದಿಲ್ಲ. ಈ ಕಡೆಯ ಒಳ್ಳೆಯ ವಿಮರ್ಶೆಯೆಲ್ಲ ಹೀಗೇ: ಸಭೆಯಲ್ಲಿ ಕೆಮ್ಮು, ಹೊರಗೆ ಚಹಾದ ಜೊತೆ ಮಾತು. ಪತ್ರಿಕೆಗೆ ಹೋಗುವುದು ಅಭಿನಂದನಾ ಪತ್ರ.

ಆದರೆ ಇಷ್ಟು ಹತ್ತಿರ ಬದುಕುವುದರಿಂದ ಒಂದು ಲಾಭವೂ ಇದೆ. ನಮ್ಮ ಆತ್ಮಕಥೆಗಳಲ್ಲಿ ಎಲ್ಲರೂ ಬಡವರಾಗಿರುತ್ತಾರೆ, ಕಂದೀಲಿನ ಬೆಳಕಲ್ಲಿ ಓದಿರುತ್ತಾರೆ, ತುಂಬಿದ ಹಳ್ಳ ದಾಟಿ ಶಾಲೆಗೆ ಹೋಗಿರುತ್ತಾರೆ. ದೂರದ ವಿಮರ್ಶಕರು ಆ ಹಳ್ಳದ ವರ್ಣನೆ ಓದಿ ಕಣ್ಣೊರೆಸಿಕೊಂಡಾರು. ನನಗೆ ಗೊತ್ತು, ಶಾಲೆ ಊರ ಈಚೆ ಇದೆ, ಹಳ್ಳ ಊರ ಆಚೆ ಇದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿ; ಅಲ್ಲಿಯ ಬಡತನ ನಗುತ್ತ ನಗುತ್ತಲೇ ಮೈಮೇಲೆ ಬರುತ್ತದೆ, ಕರುಣೆ ಬೇಡುವುದಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದವರು ಕುರ್ಚಿಯಲ್ಲಿ ಹಾಯಾಗಿ ಒರಗಿ ಕೂರಲಾರರು. ಲಂಕೇಶರು ‘ಹುಳಿಮಾವಿನ ಮರ’ದಲ್ಲಿ ಯಾರನ್ನೂ ಬಿಡಲಿಲ್ಲ, ತಮ್ಮನ್ನೂ ಸೇರಿಸಿ. ಇವುಗಳನ್ನೆಲ್ಲ ಓದಿದ ನಾಲಗೆಗೆ ಸಾಹೇಬರ ವರ್ಗಾವಣೆ ಆದೇಶಗಳನ್ನು ಕಾಲಾನುಕ್ರಮದಲ್ಲಿ ಬಡಿಸಿದರೆ ಹೇಗೆ ರುಚಿಸೀತು? ಹೊಳೆಯಾಚೆ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ತಮ್ಮ ಆತ್ಮಕಥೆಯನ್ನು ‘ಭಯಾಗ್ರಫಿ’ ಅಂತಲೇ ಕರೆದರು. ಭಯ ಯಾರಿಗೆ ಅನ್ನುವುದು ಬೀಚಿಯವರಿಗೇ ಬಿಟ್ಟದ್ದು. ಸದ್ಯಕ್ಕೆ ನನಗಿದೆ.

ಶಿರಹಟ್ಟಿಯ ನಿವೃತ್ತ ಅಧಿಕಾರಿಯೊಬ್ಬರ ಆತ್ಮಕಥೆಗೆ, ಫಕೀರೇಶ್ವರ ಮಠದ ಜಾತ್ರೆಯ ಅಧ್ಯಾಯ ಒಂದೇ ಉಸಿರಾಡುತ್ತದೆ, ಉಳಿದದ್ದು ಸೇವಾ ಪುಸ್ತಕ ಅಂತ ಈ ಸಲ ನೇರವಾಗಿ ಬರೆದೆ. ಜಾತ್ರೆಯ ಪುಟಗಳು ನಿಜಕ್ಕೂ ಚೆಂದ ಇದ್ದವು, ಹಿಂದೂ-ಮುಸ್ಲಿಮರು ಕೂಡಿ ನಡೆದುಕೊಳ್ಳುವ ಆ ಗದ್ದುಗೆಯ ಸುತ್ತ ಅವರ ಅವ್ವ, ಅವರ ಸಾಲ, ಅವರ ಜಗಳ ಎಲ್ಲ ಇದ್ದವು. ಅಚ್ಚಾದ ಭಾನುವಾರವೇ ಫೋನ್ ಬಂತು. ಬೈಗುಳಕ್ಕೆ ತಯಾರಾಗಿ ಎತ್ತಿದೆ.

‘ಓದಿದೆ ಅಕ್ಕಾರ. ಬೇಷ್ ಬರದೀರಿ. ಸಿಟ್ಟೇನ್ ಇಲ್ಲ.’

‘ದೊಡ್ಡ ಮನಸು ನಿಮ್ದು ಸರ.’

‘ಎರಡನೇ ಭಾಗ ಪ್ರೆಸ್ಸಿನಾಗ ಐತ್ರಿ. ಒಂದ್ ಅಧ್ಯಾಯ ಈಗಷ್ಟ ಸೇರಿಸೇನಿ.’

‘ಯಾವ್ದರ ಮ್ಯಾಲ್ರಿ?’

‘ಅದರಾಗ ನೀವ ಅದೀರಿ. ವಿಮರ್ಶೆನೂ ನೀವ ಬರೀಬೇಕ ಮತ್ತ.’